ಐಸಿ50 ಸರಿ, ಎಷ್ಟು ಹೊತ್ತಿಗೆ?

ಕೋವೇಲೆಂಟ್ ಸಂಯುಕ್ತವೊಂದರ, ಅಂದರೆ ಗುರಿ ಪ್ರೋಟೀನಿಗೆ ರಾಸಾಯನಿಕ ಬಂಧದಿಂದ ಶಾಶ್ವತವಾಗಿ ಅಂಟುವ ಅಣುವಿನ, ಐಸಿ50 (ಅರ್ಧದಷ್ಟು ಪ್ರೋಟೀನನ್ನು ತಡೆಯಲು ಬೇಕಾದ ಸಾಂದ್ರತೆ) ಹತ್ತು ನ್ಯಾನೊಮೋಲಾರ್ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮರುಪ್ರಶ್ನೆ ಒಂದೇ: ಎಷ್ಟು ಹೊತ್ತಿಗೆ? ಸಾಮಾನ್ಯ ಔಷಧದ ಅಣು ಪ್ರೋಟೀನಿಗೆ ಅಂಟುತ್ತದೆ, ಬಿಡುತ್ತದೆ. ಬೇಗನೆ ಸಮತೋಲ ಬರುತ್ತದೆ, ಅಲ್ಲಿ ಐಸಿ50ಗೆ ಅರ್ಥವಿದೆ. ಕೋವೇಲೆಂಟ್ ಅಣು ಒಮ್ಮೆ ಕೊಕ್ಕೆ ಹಾಕಿದರೆ ಬಿಡುವುದಿಲ್ಲ. ಕಾದಷ್ಟೂ ಹೆಚ್ಚು ಪ್ರೋಟೀನ್ ಸಿಕ್ಕಿಬೀಳುತ್ತದೆ, ಐಸಿ50 ಇಳಿಯುತ್ತಲೇ ಹೋಗುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಕೆರಾಸ್, ರೂಪಾಂತರಗೊಂಡರೆ ಕ್ಯಾನ್ಸರಿಗೆ ದಾರಿ ಮಾಡುವ ಪ್ರೋಟೀನು. ಈ ಪ್ರೋಟೀನು ತನ್ನನ್ನು ಚಾಲೂ ಮಾಡುವ ಜಿಟಿಪಿ ಎಂಬ ಅಣುವನ್ನು ಪಿಕೋಮೋಲಾರ್ ಮಟ್ಟದ ಬಿಗಿಯಲ್ಲಿ ಹಿಡಿದಿರುತ್ತದೆ, ಜೀವಕೋಶದಲ್ಲಿ ಜಿಟಿಪಿಗೆ ಬರವೂ ಇಲ್ಲ. ಆ ಜಾಗಕ್ಕೆ ಪೈಪೋಟಿ ಮಾಡುವ ಔಷಧ ಆಗದ ಮಾತು. ಮೇಲ್ಮೈಯಲ್ಲಿ ಬೇರೆ ಆಳವಾದ ಕುಳಿಯೂ ಕಾಣುತ್ತಿರಲಿಲ್ಲ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆವನ್ ಶೋಕಾಟ್ ತಂಡ ಜಿ12ಸಿ ರೂಪಾಂತರದ ಮೇಲೆ 480 ಡೈಸಲ್ಫೈಡ್ ತುಣುಕುಗಳನ್ನು (ಗಂಧಕಕ್ಕೆ ಅಂಟಬಲ್ಲ ಪುಟ್ಟ ಅಣುಗಳನ್ನು) ಪರೀಕ್ಷಿಸಿತು. ಈ ರೂಪಾಂತರದಲ್ಲಿ 12ನೆಯ ಅಮೈನೊ ಆಮ್ಲ ಗ್ಲೈಸೀನ್‌ನ ಜಾಗಕ್ಕೆ ಸಿಸ್ಟೀನ್ ಬಂದಿರುತ್ತದೆ, ಅದರ ಗಂಧಕಕ್ಕೆ ಕೊಕ್ಕೆ ಹಾಕಬಹುದು. ಆರೋಗ್ಯವಂತ ಕೆರಾಸ್‌ನಲ್ಲಿ ಅಲ್ಲಿ ಸಿಸ್ಟೀನ್ ಇಲ್ಲ, ಹಾಗಾಗಿ ಅದು ಬಚಾವು. ತುಣುಕುಗಳು ಅಂಟಿದಾಗ ಸ್ವಿಚ್-2 ಎಂಬ ಭಾಗದ ಕೆಳಗೆ ಅಲ್ಲಿಯವರೆಗೆ ಕಾಣದ ಕುಳಿ ತೆರೆದುಕೊಂಡಿತು. ಅಲ್ಲಿಂದ 2021ರ ಮೇನಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಅನುಮತಿ ಪಡೆದ ಜಿ12ಸಿ ಔಷಧ ಸೋಟೊರಾಸಿಬ್‌ವರೆಗೆ ಎಂಟೇ ವರ್ಷ.

ಈಗ ಲೆಕ್ಕಕ್ಕೆ ಬರೋಣ. ಕೋವೇಲೆಂಟ್ ಔಷಧಕ್ಕೆ ನೋಡಬೇಕಾದ ಅಂಕಿ ಕೆ-ಇನ್ಯಾಕ್ಟ್ (ಬಂಧ ಕಟ್ಟುವ ಗರಿಷ್ಠ ವೇಗ) ಭಾಗಿಸು ಕೆ-ಐ (ಅದರ ಅರ್ಧ ವೇಗ ಬರುವ ಸಾಂದ್ರತೆ). ಸೋಟೊರಾಸಿಬ್‌ಗೆ ವರದಿಯಾದ ಮೌಲ್ಯ ಪ್ರತಿ ಮೋಲಾರ್‌ಗೆ, ಪ್ರತಿ ಸೆಕೆಂಡಿಗೆ 9,900. ಸಾಂದ್ರತೆ ಕೆ-ಐಗಿಂತ ಬಹಳ ಕಡಿಮೆಯಿದ್ದರೆ 0.693ನ್ನು ಈ ಅಂಕಿಯಿಂದಲೂ ಸಾಂದ್ರತೆಯಿಂದಲೂ ಭಾಗಿಸಿದರೆ ಅರ್ಧ ಪ್ರೋಟೀನು ಸಿಕ್ಕಿಬೀಳುವ ಹೊತ್ತು ಬರುತ್ತದೆ: 1 ಮೈಕ್ರೊಮೋಲಾರ್‌ಗೆ 70 ಸೆಕೆಂಡು, 0.1ಕ್ಕೆ ಸುಮಾರು 12 ನಿಮಿಷ. ಇದನ್ನೇ ತಿರುಗಿಸಿ ನೋಡಿ. 5 ನಿಮಿಷ ಕಾದರೆ ಐಸಿ50 ಸುಮಾರು 230 ನ್ಯಾನೊಮೋಲಾರ್. 2 ಗಂಟೆ ಕಾದರೆ ಸುಮಾರು 10. ಅಣು ಅದೇ, ಗಡಿಯಾರ ಬೇರೆ. ಎರಡು ಪ್ರಯೋಗಾಲಯಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು "ನಮ್ಮದೇ ಉತ್ತಮ" ಎನ್ನುವವರು ಇದನ್ನು ಮರೆತಿರುತ್ತಾರೆ.

ಎಡವುವ ಇನ್ನೊಂದು ಜಾಗ ಪ್ರೋಟೀನಿನ ಸಾಂದ್ರತೆ. ಪ್ರಯೋಗದಲ್ಲಿ 50 ನ್ಯಾನೊಮೋಲಾರ್ ಕೆರಾಸ್ ಇದ್ದರೆ ಐಸಿ50 ಎಂದೂ 25ಕ್ಕಿಂತ ಕೆಳಗೆ ಇಳಿಯದು: ಅರ್ಧ ಪ್ರೋಟೀನಿಗೆ ಅಷ್ಟು ಅಣುಗಳಾದರೂ ಬೇಕಲ್ಲ. ಹೊಸ ಅಣುಗಳೆಲ್ಲ 25ರ ಹತ್ತಿರ ಗುಂಪುಗೂಡಿದರೆ ಅವು ಸಮಬಲದವು ಎಂದು ತಿಳಿಯಬೇಡಿ, ನಿಮ್ಮ ಅಳತೆಗೋಲು ಮುಗಿದಿದೆ.

ಮೇಜಿನ ಮೇಲೆ ಕೆಡುವುದು ಹೆಚ್ಚಾಗಿ ಬಫರಿನಲ್ಲಿ. ಪ್ರೋಟೀನ್ ಶುದ್ಧೀಕರಣದ ಬಫರಿಗೆ ಅಭ್ಯಾಸಬಲದಿಂದ 1 ಮಿಲಿಮೋಲಾರ್ ಡಿಟಿಟಿ (ಸಿಸ್ಟೀನ್ ಕೆಡದಂತೆ ಕಾಯುವ ರಾಸಾಯನಿಕ) ಹಾಕಿರುತ್ತಾರೆ. ಡಿಟಿಟಿಯಲ್ಲೂ ಥಯೋಲ್, ಅಂದರೆ ಸಿಸ್ಟೀನಿನಲ್ಲಿರುವಂಥ ಗಂಧಕದ ಗುಂಪು, ಇದೆ, ಕೊಕ್ಕೆಗೆ ಅದೂ ಬಲಿ. ಪ್ರಯೋಗಕ್ಕೆ ಮೊದಲು ಡಿಸಾಲ್ಟಿಂಗ್ ಕಾಲಮ್ಮಿನಲ್ಲಿ ಅದನ್ನು ತೆಗೆಯಬೇಕು. ಎರಡನೆಯದು ನ್ಯೂಕ್ಲಿಯೊಟೈಡ್, ಅಂದರೆ ಕೆರಾಸ್ ಹಿಡಿದಿರುವುದು ಜಿಟಿಪಿಯೋ ಅದು ಒಡೆದು ಆಗುವ ಜಿಡಿಪಿಯೋ ಎಂಬುದು. ಆ ಕುಳಿ ಜಿಡಿಪಿ ಹಿಡಿದ ರೂಪದಲ್ಲಿ ಸಿಗುತ್ತದೆ. ಮೆಗ್ನೀಷಿಯಂ ಕಸಿಯುವ ಇಡಿಟಿಎಯನ್ನು ಮೆಗ್ನೀಷಿಯಂಗಿಂತ ಹೆಚ್ಚು, ಧಾರಾಳ ಜಿಡಿಪಿ ಹಾಕಿ ವಿನಿಮಯವಾಗಲು ಬಿಟ್ಟು, ಮತ್ತೆ ಹೆಚ್ಚು ಮೆಗ್ನೀಷಿಯಂ ಸೇರಿಸಿ ಬೀಗ ಹಾಕಬೇಕು. ಜಿಟಿಪಿ ರೂಪವೇ ಉಳಿದಿದ್ದರೆ ಒಳ್ಳೆಯ ಅಣುವೂ ನಿಷ್ಪ್ರಯೋಜಕವಾಗಿ ಕಾಣುತ್ತದೆ. ಜೀವಕೋಶದಲ್ಲಿ ಈ ಔಷಧ ಕೆಲಸ ಮಾಡುವುದು ಜಿ12ಸಿ ಇನ್ನೂ ಜಿಟಿಪಿಯನ್ನು ತಾನೇ ಒಡೆದು ಜಿಡಿಪಿ ರೂಪಕ್ಕೆ ಮರಳುವುದರಿಂದ.

ಸಂಶಯ ಬಂದರೆ ಇಡೀ ಪ್ರೋಟೀನಿನ ಮಾಸ್ ಸ್ಪೆಕ್ಟ್ರಮ್ ತೆಗೆಯಿರಿ. ಸೋಟೊರಾಸಿಬ್ ಒಂದು ಸಲ ಅಂಟಿದರೆ ತೂಕ 560.6 ಡಾಲ್ಟನ್ ಏರಬೇಕು. ಅದರ ಎರಡರಷ್ಟು ಏರಿದ್ದರೆ ನಿಮ್ಮ ಅಣು 51, 80, 118ರಂಥ ಬೇರೆ ಸಿಸ್ಟೀನ್‌ಗಳ ಮೇಲೂ ಕೈ ಹಾಕಿದೆ ಎಂದರ್ಥ. ಜೊತೆಗೆ ಎರಡು ಹೋಲಿಕೆ ಕಡ್ಡಾಯ: ಸಿಸ್ಟೀನ್ ಇಲ್ಲದ ಸಾಮಾನ್ಯ ಕೆರಾಸ್, ಮತ್ತು ಕೊಕ್ಕೆಯಾದ ಅಕ್ರಿಲಮೈಡಿನ ದ್ವಿಬಂಧ ತೆಗೆದು ಅದನ್ನು ಅಂಟಲಾಗದ ಪ್ರೊಪಿಯೊನಮೈಡ್ ಮಾಡಿದ ಜೋಡಿ ಅಣು.

ವೇಗ ಬೇಕೆಂದು ಕೊಕ್ಕೆಯನ್ನೇ ಚೂಪು ಮಾಡುವುದು ಸುಲಭದ ದಾರಿ, ಕೆಟ್ಟ ದಾರಿ ಕೂಡ. ಜೀವಕೋಶದ ಗ್ಲುಟಾಥಯೋನ್, ಇದೂ ಥಯೋಲ್ ಇರುವ ಅಣು, ಮಿಲಿಮೋಲಾರ್ ಮಟ್ಟದಲ್ಲಿದೆ. ಗುರಿ ತಲುಪುವ ಮೊದಲೇ ಔಷಧವನ್ನು ನುಂಗುತ್ತದೆ. 5 ಮಿಲಿಮೋಲಾರ್ ಗ್ಲುಟಾಥಯೋನ್, ಪಿಎಚ್ 7.4, 37 ಡಿಗ್ರಿಯಲ್ಲಿ ಅರ್ಧಾಯು ಅಳೆಯದೆ ಮುಂದೆ ಹೋಗಬಾರದು. ಇನ್ನೊಂದು ಜಿ12ಸಿ ಔಷಧ ಅಡಾಗ್ರಾಸಿಬ್ ತಯಾರಿಸಿದವರು ಅಕ್ರಿಲಮೈಡಿಗೆ ಒಂದು ಫ್ಲೋರೀನ್ ಸೇರಿಸಿ ಈ ನಷ್ಟ ತಗ್ಗಿಸಿದರು. ಕೆರಾಸ್‌ನ ವಿಷಯದಲ್ಲಿ ಪ್ರೋಟೀನೇ ನೆರವಿಗೆ ಬರುತ್ತದೆ: 16ನೆಯ ಲೈಸೀನ್ ಅಕ್ರಿಲಮೈಡನ್ನು ಹಿಡಿದು ಕ್ರಿಯೆಗೆ ವೇಗ ಕೊಡುತ್ತದೆ. ಹೀಗಾಗಿ ಸಾಧು ಕೊಕ್ಕೆಯೂ ಇಲ್ಲಿ ಸಾಕು.

ದೇಹದಲ್ಲಿ ಸೋಟೊರಾಸಿಬ್‌ನ ಅರ್ಧಾಯು ಸುಮಾರು 5 ಗಂಟೆ, ಆದರೂ ದಿನಕ್ಕೊಮ್ಮೆ ಸಾಕಾಗುತ್ತದೆ. ಔಷಧ ಹೊರಹೋದರೂ ಸಿಕ್ಕಿಬಿದ್ದ ಕೆರಾಸ್ ಬಿಡುಗಡೆಯಾಗದು, ಕೋಶ ಹೊಸದನ್ನು ಕಟ್ಟಬೇಕು. ಡೋಸಿನದು ಮಾತ್ರ ವಿಚಿತ್ರ. 960 ಮಿಲಿಗ್ರಾಂ, ಅಂದರೆ 120ರ ಎಂಟು ಮಾತ್ರೆ. ಆದರೆ ದಿನವೂ ತೆಗೆದುಕೊಂಡಾಗ 180ರಿಂದ 960ರವರೆಗೆ ರಕ್ತದ ಮಟ್ಟ ಹೆಚ್ಚುಕಡಿಮೆ ಒಂದೇ. ಕಡಿಮೆ ಡೋಸಿನೊಂದಿಗೆ ಹೋಲಿಸಿ ತೋರಿಸಿ ಎಂದು ಎಫ್‌ಡಿಎ ಕೇಳಿದ್ದು ಸುಮ್ಮನಲ್ಲ.

ಮಾತ್ರೆ ಕರಗಲು ಹೊಟ್ಟೆಯ ಆಮ್ಲ ಬೇಕು. ನಮ್ಮಲ್ಲಿ ಚೀಟಿಯಿಲ್ಲದೆಯೂ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇದರ ಜೊತೆ ಬೇಡ. ಎದೆಯುರಿ ತಡೆಯಲಾಗದಿದ್ದರೆ ಸಾಮಾನ್ಯ ಆಂಟಾಸಿಡ್ ಆಗಬಹುದು, ಆದರೆ ಸೋಟೊರಾಸಿಬ್ ಅದಕ್ಕೆ 4 ಗಂಟೆ ಮೊದಲು ಇಲ್ಲವೇ 10 ಗಂಟೆ ನಂತರ.