ಬೆಳಿಗ್ಗೆ 6 ಗಂಟೆ, ಬದಲಿ ಬಂದಿಲ್ಲ: ಅಣುಸ್ಥಾವರದ ಆಪರೇಟರ್ ಇನ್ನೆಷ್ಟು ಹೊತ್ತು ಕೂರಬಹುದು?

ಪ್ರಶ್ನೆ: ಅಮೆರಿಕದ ಅಣುವಿದ್ಯುತ್ ಸ್ಥಾವರಗಳಲ್ಲಿ 12 ಗಂಟೆಯ ಪಾಳಿ ಇರುತ್ತದಂತೆ. ರಾತ್ರಿಯಿಡೀ ಎಚ್ಚರವಿದ್ದವರಿಗೆ ಬೆಳಗಿನ ಜಾವ ಕಣ್ಣು ಎಳೆಯುವುದಿಲ್ಲವೇ? ಒಬ್ಬರನ್ನು ಎಷ್ಟು ಗಂಟೆ ದುಡಿಸಬಹುದು ಎಂಬುದಕ್ಕೆ ಮಿತಿ ಇದೆಯೇ? ಬದಲಿಯವರು ಬಾರದಿದ್ದರೆ ಏನು ಮಾಡುತ್ತಾರೆ?

ಉತ್ತರ: ಮಿತಿ ಇದೆ, ಅದೂ ಒಂದಲ್ಲ. ಅಮೆರಿಕದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್, ಅಂದರೆ ಎನ್‌ಆರ್‌ಸಿ, 2008ರಲ್ಲಿ ಹೊರಡಿಸಿ 2009ರ ಅಕ್ಟೋಬರ್‌ನಿಂದ ಜಾರಿಗೆ ತಂದ ನಿಯಮದ ಪ್ರಕಾರ ಯಾವುದೇ 24 ಗಂಟೆಗಳಲ್ಲಿ 16 ಗಂಟೆ, ಯಾವುದೇ 48 ಗಂಟೆಗಳಲ್ಲಿ 26 ಗಂಟೆ, ಯಾವುದೇ 7 ದಿನಗಳಲ್ಲಿ 72 ಗಂಟೆ ಮೀರುವಂತಿಲ್ಲ. ಎರಡು ಪಾಳಿಗಳ ನಡುವೆ ಕನಿಷ್ಠ 10 ಗಂಟೆಯ ಬಿಡುವು ಬೇಕು. ತಂಡ ಒಂದು ವೇಳಾಪಟ್ಟಿಯಿಂದ ಇನ್ನೊಂದಕ್ಕೆ ಬದಲಾಗುವಾಗ ಮಾತ್ರ 8 ಗಂಟೆ ಸಾಕು. ಯಾವುದೇ 9 ದಿನಗಳ ಒಳಗೆ ಒಮ್ಮೆಯಾದರೂ ಸತತ 34 ಗಂಟೆಯ ಬಿಡುವು ಸಿಗಲೇಬೇಕು.

'ಯಾವುದೇ' ಎಂಬ ಪದವನ್ನು ಗಮನಿಸಿ. ಲೆಕ್ಕ ನಡುರಾತ್ರಿಗೆ ಹೊಸದಾಗಿ ಶುರುವಾಗುವುದಿಲ್ಲ. ಯಾವ ಗಳಿಗೆಯಿಂದ ಹಿಂದಕ್ಕೆ ಎಣಿಸಿದರೂ ಮಿತಿಯೊಳಗೇ ಇರಬೇಕು. ಪಾಳಿಪಟ್ಟಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ.

ನೀವು ಕೇಳಿದ ಸಂದರ್ಭವನ್ನೇ ತೆಗೆದುಕೊಳ್ಳೋಣ. ಒಬ್ಬ ಆಪರೇಟರ್ ಸೋಮವಾರ ಸಂಜೆ 6ರಿಂದ ಮಂಗಳವಾರ ಬೆಳಿಗ್ಗೆ 6ರವರೆಗೆ ಕೆಲಸ ಮಾಡಿದ್ದಾರೆ. ಮಂಗಳವಾರ ಸಂಜೆ 6ಕ್ಕೆ ಮತ್ತೆ ಕೂತಿದ್ದಾರೆ. ಬುಧವಾರ ಬೆಳಿಗ್ಗೆ 6 ಆಯಿತು, ಬದಲಿಯವರಿಗೆ ಜ್ವರವೆಂದು ಫೋನ್ ಬಂತು. ಲೈಸೆನ್ಸ್ ಪಡೆದ ಆಪರೇಟರ್ ತನ್ನ ಜಾಗಕ್ಕೆ ಇನ್ನೊಬ್ಬರು ಬರುವ ಮೊದಲೇ ಎದ್ದು ಹೋಗುವಂತಿಲ್ಲ. 24 ಗಂಟೆಗೆ 16 ಎಂಬುದಷ್ಟನ್ನೇ ನೋಡಿದರೆ ಬೆಳಿಗ್ಗೆ 10ರವರೆಗೆ ಕೂರಿಸಬಹುದು ಅನ್ನಿಸುತ್ತದೆ. ಆದರೆ ಬುಧವಾರ 10ರಿಂದ 48 ಗಂಟೆ ಹಿಂದಕ್ಕೆ ಎಣಿಸಿ: ಮೊದಲ ರಾತ್ರಿಯ 12, ಎರಡನೆಯದರ 16, ಒಟ್ಟು 28. ಎರಡು ಗಂಟೆ ಹೆಚ್ಚಾಯಿತು. ಹಾಗಾಗಿ ಅವರು 8 ಗಂಟೆಗೆ ಏಳಲೇಬೇಕು. 8ಕ್ಕೆ ಎದ್ದರೆ ಸಂಜೆ 6ರ ಪಾಳಿಗೆ ಸರಿಯಾಗಿ 10 ಗಂಟೆಯ ಬಿಡುವು ಉಳಿಯುತ್ತದೆ. ಒಂದು ನಿಮಿಷವೂ ಹೆಚ್ಚಿಲ್ಲ.

ಅಂದರೆ ಶಿಫ್ಟ್ ಮ್ಯಾನೇಜರ್ ಕೈಯಲ್ಲಿ ಇರುವುದು ಎರಡೇ ಗಂಟೆ. ಅಷ್ಟರೊಳಗೆ ರಜೆಯಲ್ಲಿರುವ ಯಾರನ್ನಾದರೂ ಕರೆಸಬೇಕು, ಹಾಗೆ ಬರುವವರ ಹಿಂದಿನ 9 ದಿನಗಳ ಲೆಕ್ಕವನ್ನೂ ನೋಡಬೇಕು. ಇತ್ತ ಕೂತಿದ್ದವರ ವಾರದ ಲೆಕ್ಕಕ್ಕೂ ಎರಡು ಗಂಟೆ ಸೇರಿತು. ಅವರಿಗೆ ಸೋಮವಾರದಿಂದ ಸತತ ಆರು ರಾತ್ರಿಗಳ ಪಾಳಿ ಹಾಕಿದ್ದರೆ ಅದೇ 72 ಆಗುತ್ತಿತ್ತು, ಈಗ 74. ಆರನೆಯ ರಾತ್ರಿಯನ್ನು ಕತ್ತರಿಸಲೇಬೇಕು. ಬುಧವಾರದ ಎರಡು ಗಂಟೆ ಶನಿವಾರ ಬಂದು ಕೈ ಕಟ್ಟುತ್ತದೆ.

ಪಾಳಿ ಒಪ್ಪಿಸುವ ಹೊತ್ತನ್ನು, ಅಂದರೆ ಲಾಗ್ ಪುಸ್ತಕ ತೋರಿಸಿ, ಪ್ಯಾನೆಲ್‌ಗಳ ಮುಂದೆ ನಡೆದಾಡಿ ವಿವರಿಸುವ ಸಮಯವನ್ನು, ಗಂಟೆಗಳ ಲೆಕ್ಕದಿಂದ ಬಿಡಬಹುದು. ಇದು ಒಳ್ಳೆಯ ನಿರ್ಧಾರ. ಅದನ್ನೂ ಸೇರಿಸಿದ್ದರೆ ಎಲ್ಲರೂ ಅವಸರದಲ್ಲಿ ಒಪ್ಪಿಸಿ ಹೊರಡುತ್ತಿದ್ದರು. ಆದರೆ ಮನೆಗೆ ಹೋಗಿ ಬರುವ ದಾರಿಯ ಸಮಯ ಆ 10 ಗಂಟೆಯ ಬಿಡುವಿನೊಳಗೇ ಕಳೆಯುತ್ತದೆ. ಒಂದೊಂದು ಕಡೆಗೆ ಒಂದು ಗಂಟೆ, ಊಟ ಸ್ನಾನಕ್ಕೆ ಇನ್ನೊಂದೂವರೆ ಗಂಟೆ ತೆಗೆದರೆ ನಿದ್ದೆಗೆ ಉಳಿಯುವುದು ಆರೂವರೆ. ಅದೂ ಹಗಲು ನಿದ್ದೆ.

ಇಷ್ಟಾದರೂ ದಿನದ ಮಿತಿಗಳು ಬರೀ ಹೊರಗಿನ ಬೇಲಿ ಎಂಬುದು ನಮ್ಮ ಅಭಿಪ್ರಾಯ. ನಿಜವಾಗಿ ಕಾಯುವುದು ರಜೆಯ ದಿನಗಳು. ಏಕೆಂದರೆ ಒಂದು ರಾತ್ರಿಯ ನಿದ್ದೆಗೇಡು ಎದ್ದು ಕಾಣುತ್ತದೆ; ದಿನಕ್ಕೆ ಒಂದೊಂದು ಗಂಟೆಯಂತೆ ಮೂರು ವಾರ ಸೇರಿದ ದಣಿವು ಅನುಭವಿಸುವವರಿಗೇ ತಿಳಿಯುವುದಿಲ್ಲ. 1982ರಲ್ಲಿ ಎನ್‌ಆರ್‌ಸಿ ಕೊಟ್ಟಿದ್ದ ಹಳೆಯ ಮಾರ್ಗಸೂಚಿಯಲ್ಲೂ ವಾರಕ್ಕೆ 72 ಗಂಟೆಯ ಮಿತಿ ಇತ್ತು. ಆದರೆ ವಾರದ ಮೇಲೆ ವಾರ 72 ಗಂಟೆ ದುಡಿಸುವುದಕ್ಕೆ ಅದರಲ್ಲಿ ಗಟ್ಟಿ ತಡೆ ಇರಲಿಲ್ಲ. ಹೊಸ ನಿಯಮ ಆ ಕಿಂಡಿಯನ್ನು ಮುಚ್ಚಿತು. 12 ಗಂಟೆಯ ಪಾಳಿಯ ಆಪರೇಟರ್‌ಗಳಿಗೆ ವಾರಕ್ಕೆ ಸರಾಸರಿ ಎರಡೂವರೆ ದಿನ ರಜೆ, ನಿರ್ವಹಣಾ ಸಿಬ್ಬಂದಿಗೆ ಎರಡು ದಿನ, ಭದ್ರತಾ ಸಿಬ್ಬಂದಿಗೆ ಮೂರು ದಿನ. ಭದ್ರತೆಯವರಿಗೆ ಹೆಚ್ಚು ಏಕೆಂದರೆ ಏನೂ ನಡೆಯದ ಜಾಗವನ್ನು ಗಂಟೆಗಟ್ಟಲೆ ನೋಡುತ್ತ ಎಚ್ಚರವಿರುವುದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

2011ರಲ್ಲಿ ಇದಕ್ಕೆ ಪರ್ಯಾಯವೊಂದನ್ನು ಕೊಟ್ಟರು: ಗರಿಷ್ಠ ಆರು ವಾರಗಳ ಸರಾಸರಿ ವಾರಕ್ಕೆ 54 ಗಂಟೆ ಮೀರದಿದ್ದರೆ ಸಾಕು. ಈ 54 ಆಕಾಶದಿಂದ ಬಿದ್ದದ್ದಲ್ಲ. ಏಳರಲ್ಲಿ ಎರಡೂವರೆ ದಿನ ಕಳೆದರೆ ನಾಲ್ಕೂವರೆ. ಅದನ್ನು 12ರಿಂದ ಗುಣಿಸಿ ನೋಡಿ.

ದಣಿವು ಉಕ್ಕಿ ಬರುವುದು ಇಂಧನ ಬದಲಿಸಲು ರಿಯಾಕ್ಟರ್ ನಿಲ್ಲಿಸಿದಾಗ. ಅಮೆರಿಕದ ಸ್ಥಾವರಗಳು 18 ಅಥವಾ 24 ತಿಂಗಳಿಗೊಮ್ಮೆ ಹೀಗೆ ನಿಲ್ಲುತ್ತವೆ. ನಿಂತ ಪ್ರತಿ ದಿನವೂ ನಷ್ಟ, ಹಾಗಾಗಿ ಕೆಲಸ ಹಗಲು ರಾತ್ರಿ ನಡೆಯುತ್ತದೆ. ಆಗ ಮೊದಲ 60 ದಿನ ರಜೆಯ ನಿಯಮ ಸಡಿಲ: ಆಪರೇಟರ್‌ಗಳಿಗೆ ಪ್ರತಿ 15 ದಿನಕ್ಕೆ ಮೂರು, ನಿರ್ವಹಣೆಯವರಿಗೆ 7 ದಿನಕ್ಕೆ ಒಂದು. ನಮ್ಮ ಕೈಗಾದ ರಿಯಾಕ್ಟರ್‌ಗಳು ಬೇರೆ ಜಾತಿಯವು. ಭಾರಜಲದ ಈ ರಿಯಾಕ್ಟರ್‌ಗಳಿಗೆ ಓಡುತ್ತಿರುವಾಗಲೇ ಇಂಧನ ತುಂಬಬಹುದು. ಕೈಗಾ 1ನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿದ್ದು ಅದರಿಂದಲೇ ಸಾಧ್ಯವಾಯಿತು. ಅಲ್ಲಿ ಇಂಧನಕ್ಕಾಗಿ ನಿಲ್ಲಿಸುವ ಆ ನೂಕುನುಗ್ಗಲಿಲ್ಲ, ಆದರೆ ಮೂರು ವರ್ಷಕ್ಕೆ ಹತ್ತಿರ ಒಂದು ರಾತ್ರಿಯೂ ಬಿಡದೆ ಯಾರಾದರೂ ಎಚ್ಚರವಿರಲೇಬೇಕು.

ಬೆಳಗಿನ ಜಾವದ ತೂಕಡಿಕೆಗೆ ಬರೋಣ. ಸುಮಾರು 2ರಿಂದ 6ರವರೆಗೆ ದೇಹದ ಉಷ್ಣತೆಯೂ ಚುರುಕೂ ತಳಕ್ಕೆ ಇಳಿಯುತ್ತವೆ. ಹಗಲು ಎಷ್ಟೇ ಮಲಗಿದ್ದರೂ ಇದು ಪೂರ್ತಿ ತಪ್ಪದು. 1979ರ ಮಾರ್ಚ್ 28ರ, ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದ ಅಪಘಾತ ಶುರುವಾದದ್ದು ಬೆಳಗಿನ 4ರ ಹೊತ್ತಿಗೆ. ಅದಕ್ಕೆ ದಣಿವೇ ಕಾರಣ ಎನ್ನಲಾಗದು. ವಾಲ್ವ್ ಒಂದು ಮುಚ್ಚಿದೆ ಎಂಬಂತೆ ತೋರಿಸಿ ಪ್ಯಾನೆಲ್‌ನ ದೀಪವೇ ದಾರಿ ತಪ್ಪಿಸಿತ್ತು. ಆದರೆ ತೆರೆದೇ ಉಳಿದಿದ್ದ ಆ ವಾಲ್ವ್‌ನಿಂದ ಎರಡು ಗಂಟೆಗೂ ಹೆಚ್ಚು ಕಾಲ ನೀರು ಸೋರಿತು, ಮತ್ತು ಅದನ್ನು ಊಹಿಸಿದ್ದು ಮುಂದಿನ ಪಾಳಿಗೆ ಆಗತಾನೇ ಬಂದ ಮೇಲ್ವಿಚಾರಕ. 1987ರ ಮಾರ್ಚ್ 31ರಂದು ಪೆನ್ಸಿಲ್ವೇನಿಯಾದ ಪೀಚ್ ಬಾಟಮ್ ಸ್ಥಾವರವನ್ನು ಎನ್‌ಆರ್‌ಸಿ ಮುಚ್ಚಿಸಿದ್ದಂತೂ ನೇರವಾಗಿ ಆಪರೇಟರ್‌ಗಳು ಕೆಲಸದ ವೇಳೆ ನಿದ್ದೆ ಮಾಡುತ್ತಿದ್ದರೆಂಬ ಕಾರಣಕ್ಕೆ.

ಮಿತಿ ಮೀರಲು ವಿನಾಯಿತಿ ಇಲ್ಲವೇ? ಇದೆ, ಆದರೆ ಕೆಲಸ ಬೇಗ ಮುಗಿಯಲಿ ಎಂಬುದಕ್ಕಲ್ಲ. ಸುರಕ್ಷತೆಗೆ ಧಕ್ಕೆ ತರುವ ಸ್ಥಿತಿಯನ್ನು ತಡೆಯಲು ಅಥವಾ ತಗ್ಗಿಸಲು ಅದು ಬೇಕೇ ಬೇಕು ಎಂದು ಶಿಫ್ಟ್ ಮ್ಯಾನೇಜರ್ ನಿರ್ಧರಿಸಬೇಕು. ಜತೆಗೆ ತರಬೇತಿ ಪಡೆದ ಮೇಲ್ವಿಚಾರಕರು ಆ ವ್ಯಕ್ತಿಯನ್ನು ಎದುರು ಕೂರಿಸಿಕೊಂಡು ಮಾತಾಡಿಸಿ ನೋಡಬೇಕು, ಅದೂ ಹೆಚ್ಚುವರಿ ಕೆಲಸ ಶುರುವಾಗುವ ಮುಂಚಿನ 4 ಗಂಟೆಯೊಳಗೆ. ಫೋನ್‌ನಲ್ಲಿ ಕೇಳಿದರೆ ನಡೆಯದು. ಎಷ್ಟು ವಿನಾಯಿತಿ ಕೊಟ್ಟರೆಂದು ಪ್ರತಿ ವರ್ಷ ವರದಿ ಹೋಗುತ್ತದೆ. ಸ್ಥಾವರದಲ್ಲಿ ತುರ್ತುಸ್ಥಿತಿ ಘೋಷಣೆಯಾಗಿದ್ದರೆ ಮಾತ್ರ ಈ ಮಿತಿಗಳು ಅನ್ವಯಿಸುವುದಿಲ್ಲ.

ಈ ನಿಯಮದಲ್ಲಿ ನಾವು ಅತಿ ಹೆಚ್ಚು ಬೆಲೆ ಕೊಡುವುದು ಇನ್ನೆರಡು ಅಂಶಗಳಿಗೆ. ಸಿಬ್ಬಂದಿಯೇ 'ನನಗೆ ಆಗುತ್ತಿಲ್ಲ, ನಾನು ದಣಿದಿದ್ದೇನೆ' ಎಂದು ಹೇಳಬಹುದು. ಹೇಳಿದರೆ ಅದನ್ನು ಪರಿಶೀಲಿಸಲೇಬೇಕು, ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿಲ್ಲವೆಂದು ಕಂಡರೆ ಬಿಡುವು ಕೊಡಬೇಕು. ಮತ್ತೊಂದು, ಹಾಗೆ ಪರಿಶೀಲಿಸುವವರು 'ನಿಮ್ಮ ಗಂಟೆಗಳು ಮಿತಿಯೊಳಗೇ ಇವೆ, ಹಾಗಾಗಿ ನೀವು ದಣಿದಿಲ್ಲ' ಎಂದು ತೀರ್ಮಾನಿಸುವಂತಿಲ್ಲ. ಮನೆಯಲ್ಲಿ ಕೂಸು ರಾತ್ರಿಯಿಡೀ ಅತ್ತಿದ್ದರೆ ಅದು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಅದಕ್ಕೇ ಮೇಲ್ವಿಚಾರಕರು ಮೊದಲು ಕೇಳಬೇಕಾದದ್ದು ಕೊನೆಯ ಸಲ ಯಾವಾಗ ಮಲಗಿದಿರಿ, ಎಷ್ಟು ಹೊತ್ತು ನಿದ್ದೆ ಬಂತು ಎಂದು.