ಲಕ್ವಾ ಅಲ್ರೀ, ಗುಳಿಗಿ

“ಲಕ್ವಾ ಹೊಡದೈತ್ರೀ, ಲಗೂನ ನೋಡ್ರಿ” ಎನ್ನುತ್ತ ಇಂಡಿ ಕಡೆಯ ಹಳ್ಳಿಯಿಂದ ಎಪ್ಪತ್ತು ದಾಟಿದ ಅಜ್ಜನನ್ನು ನಸುಕಿನಲ್ಲೇ ವಿಜಯಪುರಕ್ಕೆ ತಂದಿದ್ದರು. ಮಾತು ತೊದಲು, ಮಗನ ಗುರುತೂ ಹತ್ತುತ್ತಿರಲಿಲ್ಲ. ಆದರೆ ಆ ಚಳಿಯಲ್ಲೂ ಅಂಗಿ ಬೆವರಿಗೆ ತೊಯ್ದು ಮೈಗಂಟಿತ್ತು. ನರ್ಸ್ ಬೆರಳ ತುದಿ ಚುಚ್ಚಿ ಪಟ್ಟಿಗೆ ಒಂದು ಹನಿ ರಕ್ತ ಹಚ್ಚಿದರು. ಯಂತ್ರ ತೋರಿಸಿದ ರಕ್ತದ ಸಕ್ಕರೆ 34. 70ಕ್ಕಿಂತ ಇಳಿದರೇ ಕಡಿಮೆ, 54ರ ಕೆಳಗೆ ಅಪಾಯ.

ಸಕ್ಕರೆ ಸಿಗದ ಮೆದುಳು ಥೇಟ್ ಲಕ್ವಾದ ವೇಷ ಹಾಕುತ್ತದೆ. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಹೋದ ಸ್ವಲ್ಪ ಹೊತ್ತಿಗೆ ಅಜ್ಜ ಕಣ್ಣು ಬಿಟ್ಟು ಚಾ ಕೇಳಿದರು.

ಮೊಮ್ಮಗ ತಂದಿದ್ದ ಪ್ಲಾಸ್ಟಿಕ್ ಚೀಲ ಸುರುವಿ ನೋಡಿದೆವು. ಊರಿನ ಡಾಕ್ಟರು ಕೊಟ್ಟದ್ದೊಂದು ಸ್ಟ್ರಿಪ್, ಪ್ಯಾಟಿಯ ಡಾಕ್ಟರು ಕೊಟ್ಟದ್ದು ಇನ್ನೊಂದು. ಕಂಪನಿ ಬೇರೆ, ಬಣ್ಣ ಬೇರೆ. ಹಿಂದಿನ ಸಣ್ಣ ಅಕ್ಷರದಲ್ಲಿ ಎರಡರಲ್ಲೂ ಸಕ್ಕರೆ ಕಾಯಿಲೆಯ ಅದೇ ಮದ್ದು, ಗ್ಲಿಮೆಪಿರೈಡ್! ಊಟ ಮಾಡಿರಲಿ ಬಿಟ್ಟಿರಲಿ, ಇದು ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಡಿಸಿ ಸಕ್ಕರೆ ಇಳಿಸುತ್ತದೆ. ಹಿಂದಿನ ರಾತ್ರಿ ಅಜ್ಜ ಎರಡೂ ನುಂಗಿ, ಹಸಿವಿಲ್ಲವೆಂದು ಮಲಗಿದ್ದರು. ಕೆಲವು ಬಿ.ಪಿ. ಗುಳಿಗೆಗಳು ಸಕ್ಕರೆ ಇಳಿದಾಗಿನ ಎದೆಬಡಿತ, ಕೈನಡುಕವನ್ನು ಮುಚ್ಚಿಹಾಕುತ್ತವೆ. ಬೆವರನ್ನು ಮುಚ್ಚಲಾರವು.

ಕೆಲವು ಔಷಧಗಳು ಹೀಗೆ ಮೈಮೇಲೆ ಬರೆದು ತೋರಿಸುತ್ತವೆ, ಎಲ್ಲವೂ ಅಲ್ಲ. ಅಫೀಮಿನ ಜಾತಿಯ ನೋವಿನ ಮದ್ದು ಹೆಚ್ಚಾದರೆ ಕಣ್ಣಪಾಪೆ ಸಾಸಿವೆಯಷ್ಟಾಗಿ ಉಸಿರು ನಿಧಾನವಾಗುತ್ತದೆ. ಬೆಳೆಗೆ ಹೊಡೆಯುವ ಕೆಲವು ಎಣ್ಣೆಗಳಲ್ಲೂ ಪಾಪೆ ಸಣ್ಣದೇ, ಆದರೆ ಅಲ್ಲಿ ಬಾಯಿ ತುಂಬ ಜೊಲ್ಲು, ಮೈತುಂಬ ಬೆವರು. ನನಗೆ ಹೆಚ್ಚು ಅಂಜಿಕೆ ಪ್ಯಾರಾಸಿಟಮಾಲ್‌ದು. ಅತಿಯಾಗಿ ನುಂಗಿದವರು ಮೊದಲ ದಿನ ಸ್ವಲ್ಪ ವಾಂತಿ ಬಿಟ್ಟರೆ ನೆಟ್ಟಗೇ ಇರುತ್ತಾರೆ. ಯಕೃತ್ತು ಕೆಟ್ಟದ್ದು ಕಾಣುವುದು ಎರಡು ಮೂರು ದಿನದ ಮೇಲೆ. ಅದರ ಮದ್ದು ಅಸಿಟೈಲ್‌ಸಿಸ್ಟೀನ್ ಚೆನ್ನಾಗಿ ಹತ್ತುವುದು ಮೊದಲ 8 ತಾಸಿನೊಳಗೆ. ಹಾಗಾಗಿ “ಏನೂ ಆಗಿಲ್ಲಲ್ರೀ” ಎಂದು ಕಾಯುವ ಹಾಗಿಲ್ಲ: 108ಕ್ಕೆ ಫೋನ್ ಮಾಡಿ, ಖಾಲಿ ಸ್ಟ್ರಿಪ್ಪು, ಬಾಟಲಿ ಎಲ್ಲ ಬಾಚಿ ತನ್ನಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಎಚ್ಚರ ತಪ್ಪಿದವರ ಬಾಯಿಗೆ ಸಕ್ಕರೆನೀರು ಹಾಕುವುದು ಬೇಡ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಅಜ್ಜನ ಮಗ ಹನ್ನೊಂದಕ್ಕೇ ಹೊರಡಲು ನಿಂತ. “ಆರಾಮ ಆಗ್ಯಾರಲ್ರೀ, ಹೊಲಕ್ಕ ಆಳು ಬರ್ತಾವು.” ಡೆಕ್ಸ್‌ಟ್ರೋಸ್ ಸ್ವಲ್ಪ ಹೊತ್ತಿನದು, ಗುಳಿಗೆಯ ಕೆಲಸ ಒಂದು ದಿನದ್ದು, ಮೂತ್ರಪಿಂಡ ಸೋತಿದ್ದರೆ ಇನ್ನೂ ಉದ್ದ ಎಂದು ತಿಳಿಸಿ ಹೇಳಿದರೂ ಮುಖ ಗಂಟಿಕ್ಕಿಕೊಂಡೇ ಕೂತ. ಮಧ್ಯಾಹ್ನ ಎರಡಕ್ಕೆ ಅಜ್ಜನ ಹಣೆ ಮತ್ತೆ ಬೆವರಿತು. ಯಂತ್ರದಲ್ಲಿ 52.