ಅತ್ತಿ ಹಣ್ಣಿನ ಹುಳ

ಚಿಕ್ಕಂದಿನಲ್ಲಿ ಅತ್ತಿ ಹಣ್ಣನ್ನು ಎರಡು ಹೋಳು ಮಾಡಿ, ಅಂಗೈಗೆ ತಟ್ಟಿ, ಉಫ್ ಎಂದು ಊದಿ ಆಮೇಲೆ ಬಾಯಿಗೆ ಹಾಕಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಒಡೆದ ಕೂಡಲೇ ಎಳ್ಳಿಗಿಂತ ಸಣ್ಣ ಹುಳಗಳು ಉದುರುತ್ತಿದ್ದವು. 'ಹಣ್ಣು ಕೆಟ್ಟಿದೆ' ಅಂದರೆ ಅಜ್ಜಿ, 'ಹುಳ ಇಲ್ಲದ ಅತ್ತಿ ಹಣ್ಣು ಎಲ್ಲಿಂದ ತರಲಿ ಮಗಾ?' ಅನ್ನುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಹೇಳಿದ್ದು ಸಸ್ಯಶಾಸ್ತ್ರವೇ.

ಅತ್ತಿ ಮರದ ಹೂ ಯಾರಾದರೂ ನೋಡಿದ್ದೀರಾ? ಗಾಣಗಾಪುರಕ್ಕೆ ಹೋಗಿ ಔದುಂಬರಕ್ಕೆ ಕೈಮುಗಿದು ಬರುವವರೂ ನೋಡಿರಲಿಕ್ಕಿಲ್ಲ. ಹೂ ಇರುವುದು ಕಾಯಿಯ ಒಳಗೆ! ಕಾಂಡಕ್ಕೆ ಗೊಂಚಲಾಗಿ ಅಂಟಿಕೊಂಡ ಹಸಿರು ಗೋಲಿ ನಿಜಕ್ಕೂ ಕಾಯಿಯಲ್ಲ, ರಾಶಿ ಹೂಗಳನ್ನು ಒಳಮುಖವಾಗಿ ತುಂಬಿಟ್ಟ ಚೀಲ. ತುದಿಯಲ್ಲೊಂದು ಕಿರಿದಾದ ಬಾಯಿ. ಜೇನು, ಚಿಟ್ಟೆಗಳಿಗೆ ಅಲ್ಲಿ ಪ್ರವೇಶವಿಲ್ಲ.

ಹೂ ಹದಕ್ಕೆ ಬಂದಾಗ ಹೊಮ್ಮುವ ವಾಸನೆ ಹಿಡಿದು ಬರುವುದು ಸುಮಾರು 2 ಮಿಲಿಮೀಟರ್ ಉದ್ದದ ಹೆಣ್ಣು ಕಣಜ, ಸೆರಟೊಸೊಲೆನ್ ಫ್ಯೂಸಿಸೆಪ್ಸ್. ಬಿಗಿಯಾದ ಪದರಗಳ ನಡುವೆ ನುಸುಳುವಾಗ ಅದರ ರೆಕ್ಕೆ ಕಿತ್ತುಹೋಗುತ್ತದೆ. ಮತ್ತೆ ಹೊರಗೆ ಬರುವ ಮಾತಿಲ್ಲ. ಎದೆಯ ಮೇಲಿನ ಪುಟ್ಟ ಜೇಬುಗಳಿಂದ ಪರಾಗ ತೆಗೆದು ಹೂಗಳಿಗೆ ಸವರಿ, ಕೆಲವು ಹೂಗಳ ಅಂಡಾಶಯದಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಯ ತೊಟ್ಟಿಲು. ಮೊಟ್ಟೆ ತಪ್ಪಿಸಿಕೊಂಡು ಪರಾಗ ಪಡೆದದ್ದು ಮರದ ಬೀಜ.

ವಾರಗಳ ನಂತರ ಮೊದಲು ಈಚೆ ಬರುವುದು ಗಂಡುಗಳು. ಅವಕ್ಕೆ ರೆಕ್ಕೆಯೇ ಇಲ್ಲ. ಇನ್ನೂ ತೊಟ್ಟಿಲಲ್ಲೇ ಇರುವ ಹೆಣ್ಣುಗಳನ್ನು ಕೂಡಿ, ಗೋಡೆ ಕೊರೆದು ಹೊರದಾರಿ ಮಾಡಿಕೊಟ್ಟು ಸಾಯುತ್ತವೆ. ಅಷ್ಟರಲ್ಲಿ ಅರಳಿರುವ ಗಂಡು ಹೂಗಳಿಂದ ಹೆಣ್ಣುಗಳು ಜೇಬು ತುಂಬಿಕೊಂಡು ಹಾರುತ್ತವೆ. ಕಾಯಿ ಕೆಂಪಾಗುವುದು ಆಮೇಲೆ. ನಾವು ಊದಿ ಹಾರಿಸುತ್ತಿದ್ದುದು ಹೊರಡಲು ತಡಮಾಡಿದವನ್ನು, ಸತ್ತ ಗಂಡುಗಳನ್ನು.

ಹಾರಿದ ಹೆಣ್ಣಿಗೆ ಉಳಿದಿರುವುದು ಒಂದೆರಡು ದಿನದ ಆಯಸ್ಸು. ಅಷ್ಟರೊಳಗೆ ಹದಕ್ಕೆ ಬಂದ ಇನ್ನೊಂದು ಮರ ಸಿಗಬೇಕು. ನಮೀಬಿಯಾದ ಉಗಾಬ್ ನದಿಪಾತ್ರದಲ್ಲಿ ಇದರ ಆಫ್ರಿಕಾದ ದಾಯಾದಿಗಳು ಗಾಳಿಯ ಮೇಲೆ ತೇಲಿ 160 ಕಿಲೋಮೀಟರ್‌ವರೆಗೂ ಪರಾಗ ಒಯ್ದದ್ದು ದಾಖಲಾಗಿದೆ. ಇಷ್ಟು ಅಲ್ಪಾಯುಷಿಯನ್ನು ನೆಚ್ಚಿಕೊಂಡ ಮೇಲೆ ಎಲ್ಲ ಮರಗಳೂ ಒಂದೇ ಋತುವಿನಲ್ಲಿ ಕಾಯಿ ಬಿಟ್ಟರೆ ಕೆಟ್ಟಿತು. ಹಾಗಾಗಿ ಅತ್ತಿ, ಆಲ, ಗೋಳಿಗಳ ಬಳಗದಲ್ಲಿ ವರ್ಷದ ಯಾವ ತಿಂಗಳಲ್ಲೂ ಎಲ್ಲೋ ಒಂದು ಮರ ಹಣ್ಣು ಹೊತ್ತಿರುತ್ತದೆ. ಬೇರೆ ಹಣ್ಣು ಸಿಗದ ದಿನಗಳಲ್ಲಿ ದಾಂಡೇಲಿಯ ಮಂಗಟ್ಟೆಗಳು, ಬಾವಲಿಗಳು, ಮಂಗಗಳು ಹೊಟ್ಟೆ ಹೊರೆಯುವುದು ಈ ಲೆಕ್ಕಾಚಾರದಿಂದಲೇ.

ಕಳ್ಳರೂ ಇದ್ದಾರೆನ್ನಿ. ಪರಾಗದ ಗೊಡವೆಗೇ ಹೋಗದೆ, ಹೊರಗೆ ಕುಳಿತು ಕೂದಲಿಗಿಂತ ತೆಳುವಾದ ಸೂಜಿಯಿಂದ ಕಾಯಿಯ ಗೋಡೆ ಕೊರೆದು ಒಳಗೆ ಮೊಟ್ಟೆಯಿಡುವ ಕಣಜಗಳಿವೆ. ಆ ಸೂಜಿಯ ಹಲ್ಲುಗಳಲ್ಲಿ ಸತು ಇರುವುದನ್ನು 2014ರಲ್ಲಿ ತೋರಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಲೋಹದ ಮೊನೆಯ ಬೈರಿಗೆ!

ಹೆಸರಿಟ್ಟ ಕೀಟಗಳೇ ಸುಮಾರು 10 ಲಕ್ಷ ಜಾತಿ ಎಂದರೆ ಮೊದಲು ನನಗೆ ನಂಬಿಕೆ ಬರುತ್ತಿರಲಿಲ್ಲ. ಅತ್ತಿಯ ಕುಲದಲ್ಲಿ ಸುಮಾರು 800 ಜಾತಿ, ಹೆಚ್ಚುಕಡಿಮೆ ಒಂದೊಂದಕ್ಕೂ ಅದರದೇ ಕಣಜ, ಮೇಲೆ ಅದರದೇ ಕಳ್ಳರು ಎಂದು ತಿಳಿದಾಗ ನಂಬಿದೆ. ಈ ಜೋಡಿಗಳು ಕೂಡಿ ಬಾಳುತ್ತಿರುವುದು ಅಂದಾಜು 7 ಕೋಟಿ ವರ್ಷಗಳಿಂದ. ಕೀಟಗಳ ವಂಶ ಅದಕ್ಕೂ ಎಷ್ಟೋ ಹಿಂದಿನದು. ಸಿಗಡಿ, ಏಡಿಗಳ ಬಳಗದಿಂದ ಕವಲೊಡೆದು ಸುಮಾರು 48 ಕೋಟಿ ವರ್ಷವಾಯಿತು. ಆಗ ಭೂಮಿಯ ಮೇಲೆ ಹೂವೆಂಬುದೇ ಇರಲಿಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ನಮ್ಮ ಕಡೆಯ ಕಿರುಗೋಳಿಯನ್ನು ನೆರಳಿಗೆಂದು ನೆಟ್ಟರು. ದಶಕಗಟ್ಟಲೆ ಒಂದು ಸಸಿಯೂ ತಾನಾಗಿ ಹುಟ್ಟಲಿಲ್ಲ. 1970ರ ದಶಕದಲ್ಲಿ ಅದರ ಕಣಜ ಅಲ್ಲಿಗೂ ಬಂದು ಸೇರಿತು. ಈಗ ಅಲ್ಲಿನ ಗೋಡೆ, ಸೇತುವೆಗಳ ಬಿರುಕಿನಲ್ಲೆಲ್ಲ ಕಿರುಗೋಳಿ ಚಿಗುರುತ್ತಿದೆ. ಜನ ಕಿತ್ತು ಸೋತಿದ್ದಾರೆ.